ಫೋಟೋ ಕ್ಯಾಮೆರಾದಲ್ಲಿ ವೃತ್ತಿಪರ ವಿಡಿಯೋ: ಮೆನುವಿನಿಂದ ಎಡಿಟಿಂಗ್ ಟೇಬಲ್‌ವರೆಗೆ ಸಮಗ್ರ ಮಾರ್ಗದರ್ಶಿ

2008ರ ಆಗಸ್ಟ್‌ನಲ್ಲಿ ನಿಕಾನ್ ಡಿ90 ಬಂತು, ಸೆಪ್ಟೆಂಬರ್‌ನಲ್ಲಿ ಕ್ಯಾನನ್ 5ಡಿ ಮಾರ್ಕ್ 2. ಫೋಟೋ ತೆಗೆಯುವ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ, ಬದಲಿಸಬಹುದಾದ ಲೆನ್ಸ್ ಇರುವ ಕ್ಯಾಮೆರಾ) ವಿಡಿಯೋ ತೆಗೆಯಲು ಕಲಿತದ್ದು ಅಲ್ಲಿಂದ. ಇವತ್ತು ಹುಬ್ಬಳ್ಳಿಯ ಮದುವೆ ಇರಲಿ, ಧಾರವಾಡದ ಸಂಗೀತ ಬೈಠಕ್ ಇರಲಿ, ಗದಗಿನ ಕೈಮಗ್ಗದ ಮೇಲೊಂದು ಸಾಕ್ಷ್ಯಚಿತ್ರ ಇರಲಿ, ಎಲ್ಲ ಕಡೆ ಕಾಣುವುದು ಇದೇ ಜಾತಿಯ ಕ್ಯಾಮೆರಾ. ಹೀಗಿದ್ದೂ ಚಿತ್ರ ಒಮ್ಮೆ ಸಿನಿಮಾದಂತೆ, ಇನ್ನೊಮ್ಮೆ ಮೊಬೈಲಿನಂತೆ ಕಾಣುತ್ತದೆ. ಕ್ಯಾಮೆರಾ ಅದೇ ಆಗಿದ್ದರೂ ಫಲ ಬೇರೆಯಾಗುವುದಕ್ಕೆ ಕಾರಣವಿದೆ.

ಅಸಲಿ ವಿಡಿಯೋ ಕ್ಯಾಮೆರಾದ ಮೈಮೇಲೆ ಐದು ಸೌಕರ್ಯಗಳು ಇರುತ್ತವೆ: ಬೆಳಕು ತಗ್ಗಿಸುವ ಎನ್‌ಡಿ ಚಕ್ರ, ಮೈಕಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಸಾಕೆಟ್, ನಯವಾಗಿ ಓಡುವ ಮೋಟಾರ್ ಜೂಮ್, ನಿಲ್ಲದ ರೆಕಾರ್ಡಿಂಗ್, ಕೈಗೋ ಹೆಗಲಿಗೋ ಕೂಡುವ ಹಿಡಿತ. ಸಾಮಾನ್ಯ ಫೋಟೋ ಕ್ಯಾಮೆರಾದಲ್ಲಿ ಇವುಗಳಲ್ಲಿ ಹೆಚ್ಚಿನವು ಇಲ್ಲ. ಬದಲಿಗೆ ದೊಡ್ಡ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಇದೆ, ಬೇಕಾದ ಲೆನ್ಸ್ ಹಾಕುವ ಸ್ವಾತಂತ್ರ್ಯ ಇದೆ. ಇಲ್ಲದ್ದನ್ನು ಹೊರಗಿನಿಂದ ಒಂದೊಂದಾಗಿ ತುಂಬಿಕೊಂಡವರ ಚಿತ್ರ ಚೆನ್ನಾಗಿ ಬರುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಆ ಕೊರತೆ ತುಂಬುವ ಕೆಲಸವೇ.

ಕೊಳ್ಳುವಾಗ ನೋಡಬೇಕಾದ್ದು

ಕ್ಯಾಮೆರಾ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಮೈಯಲ್ಲಿ) 3.5 ಎಂಎಂ ಮೈಕ್ ಜ್ಯಾಕ್ ಇರಲೇಬೇಕು. ಅದಿಲ್ಲದ ಕ್ಯಾಮೆರಾ ಎಷ್ಟು ಅಗ್ಗವಾದರೂ ಬೇಡ. ಹೆಡ್‌ಫೋನ್ ಜ್ಯಾಕ್ ಇದ್ದರೆ ಬಹಳ ಒಳ್ಳೆಯದು, ಯಾಕೆಂದರೆ ಧ್ವನಿ ಕೆಟ್ಟದ್ದು ಗೊತ್ತಾಗುವುದು ಕಿವಿಗೆ ಮಾತ್ರ. ಮೂರನೆಯದಾಗಿ, ವಿಡಿಯೋ ಮೋಡ್‌ನಲ್ಲಿ ಶಟರ್ (ಬೆಳಕು ಬೀಳುವ ಹೊತ್ತು), ಅಪರ್ಚರ್ (ಲೆನ್ಸಿನ ಬಾಯಿಯ ಅಗಲ), ಐಎಸ್‌ಒ (ಸೆನ್ಸರಿನ ಸಂವೇದನೆ) ಮೂರನ್ನೂ ನಾವೇ ಹಿಡಿದಿಡುವ ಪೂರ್ಣ ಮ್ಯಾನ್ಯುಯಲ್ ಬೇಕು. ಆಮೇಲೆ ಎಚ್‌ಡಿಎಂಐ ಮೂಲಕ ಪರದೆಯ ಮೇಲಿನ ಅಕ್ಷರ-ಗುರುತು ಇಲ್ಲದ ಶುದ್ಧ ಚಿತ್ರ ಹೊರಗೆ ಬರುತ್ತದೆಯೇ ಎಂದು ಕೇಳಿ. ಮದುವೆಯಲ್ಲಿ ಎಲ್‌ಇಡಿ ವಾಲ್‌ಗೆ ಲೈವ್ ಕೊಡುವವರಿಗೆ ಇದಿಲ್ಲದೆ ಕೆಲಸ ನಡೆಯುವುದಿಲ್ಲ.

4ಕೆ ಇದ್ದರೆ ಸಾಲದು, 4ಕೆ ಹಾಕಿದಾಗ ಚಿತ್ರ ಎಷ್ಟು ಕ್ರಾಪ್ ಆಗುತ್ತದೆ (ಅಂಚು ಕತ್ತರಿಸಿ ಹೋಗುತ್ತದೆ) ನೋಡಿ. ಎಪಿಎಸ್-ಸಿ ಸೆನ್ಸರಿಗೆ (35 ಎಂಎಂ ಫಿಲ್ಮಿನಷ್ಟಿರುವ ಫುಲ್ ಫ್ರೇಮ್‌ಗಿಂತ ಚಿಕ್ಕದು) ಮೊದಲೇ 1.5ರ ಕ್ರಾಪ್ ಇದೆ, ಕ್ಯಾನನ್‌ನಲ್ಲಿ 1.6. ಅದರ ಮೇಲೆ 4ಕೆ ಇನ್ನಷ್ಟು ಕತ್ತರಿಸಿದರೆ 18 ಎಂಎಂ ಲೆನ್ಸ್ ಕೂಡ ಸಣ್ಣ ಪಡಸಾಲೆಯಲ್ಲಿ ಸಾಲುವುದಿಲ್ಲ.

ಲೆನ್ಸ್ ವಿಷಯದಲ್ಲಿ ನಮ್ಮ ಅಭಿಪ್ರಾಯ ನೇರವಾಗಿದೆ: ಬಾಡಿಯ ಜೊತೆ ಬರುವ 18-55ರ ಎಫ್/3.5-5.6 (ಎಫ್ ಸಂಖ್ಯೆ ಹೆಚ್ಚಾದಷ್ಟೂ ಅಪರ್ಚರ್ ಕಿರಿದು, ಬೆಳಕು ಕಡಿಮೆ) ಲೆನ್ಸಿನಲ್ಲಿ ಜೂಮ್ ಮಾಡಿದಂತೆ ಚಿತ್ರ ಕತ್ತಲಾಗುತ್ತದೆ. ಶಾಟ್ ನಡುವೆ ಜೂಮ್ ಮಾಡಿದರೆ ಆ ಮಬ್ಬು ರೆಕಾರ್ಡ್ ಆಗಿಯೇ ಆಗುತ್ತದೆ. ಆದ್ದರಿಂದ ಮೊದಲು 50 ಎಂಎಂ ಎಫ್/1.8 ಒಂದು ತೆಗೆದುಕೊಳ್ಳಿ, ಆಮೇಲೆ ದುಡ್ಡು ಕೂಡಿದಾಗ ಪೂರ್ತಿ ಎಫ್/2.8 ಇರುವ ಜೂಮ್. ಫೋಟೋ ಜೂಮ್ ಲೆನ್ಸುಗಳಲ್ಲಿ ಜೂಮ್ ಬದಲಿಸಿದರೆ ಫೋಕಸ್ ಕೂಡ ಸರಿಯುವುದೇ ಹೆಚ್ಚು. ಹೀಗಾಗಿ ಜೂಮ್ ಅನ್ನು ಶಾಟ್‌ಗಳ ನಡುವೆ ಫ್ರೇಮ್ ಬದಲಿಸಲು ಬಳಸಿ, ಶಾಟ್‌ನೊಳಗೆ ಬೇಡ.

ಮೊದಲ ಹೆಜ್ಜೆ: ಪಾಲ್, 25, 1/50

ಕ್ಯಾಮೆರಾ ಕೈಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಮೆನುವಿನಲ್ಲಿ ವಿಡಿಯೋ ಸಿಸ್ಟಂ ಅನ್ನು ಎನ್‌ಟಿಎಸ್‌ಸಿಯಿಂದ (ಸೆಕೆಂಡಿಗೆ 30 ಫ್ರೇಮಿನ, ಅಂದರೆ 30 ಚಿತ್ರದ ಪದ್ಧತಿ) ಪಾಲ್‌ಗೆ (25 ಫ್ರೇಮಿನ ಪದ್ಧತಿ) ಬದಲಿಸಿ, 25 ಫ್ರೇಮ್, ಶಟರ್ 1/50 ಇಡುವುದು. ಕೆಲವು ಕ್ಯಾಮೆರಾಗಳು ಈ ಬದಲಾವಣೆಗೆ ಕಾರ್ಡ್ ಫಾರ್ಮ್ಯಾಟ್ ಕೇಳುತ್ತವೆ, ಅದಕ್ಕೆ ಮೊದಲೇ ಕಾರ್ಡ್ ಖಾಲಿ ಮಾಡಿಕೊಳ್ಳಿ.

ನಮ್ಮ ಕರೆಂಟು 50 ಹರ್ಟ್ಸ್. ಅಂದರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಅದು ಕಾಣದು, ಸೆನ್ಸರಿಗೆ ಕಾಣುತ್ತದೆ. ಶಟರ್ 1/50 ಇದ್ದರೆ ಪ್ರತಿ ಫ್ರೇಮಿಗೆ ಸರಿಯಾಗಿ ಎರಡು ಏರಿಳಿತ ಸಿಗುತ್ತವೆ, 1/100 ಇದ್ದರೆ ಒಂದು. ಎಲ್ಲ ಫ್ರೇಮಿಗೂ ಸಮಾನ ಬೆಳಕು ಸಿಕ್ಕಿ ಚಿತ್ರ ನಿಶ್ಚಲವಾಗಿರುತ್ತದೆ. ಅದೇ 30 ಫ್ರೇಮ್, 1/60 ಇಟ್ಟರೆ ಮದುವೆ ಕಾರ್ಯಾಲಯದ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಮೇಲೆ-ಕೆಳಗೆ ತೆವಳುತ್ತವೆ. ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ತೆಗೆಯುವುದು ಬಹುತೇಕ ಆಗದ ಮಾತು. 5ಡಿ ಮಾರ್ಕ್ 2 ಬಂದಾಗ ಅದರಲ್ಲಿ 30 ಫ್ರೇಮ್ ಮಾತ್ರ ಇತ್ತು. 24 ಮತ್ತು 25 ಸೇರಿದ್ದು 2010ರ ಫರ್ಮ್‌ವೇರ್‌ನಲ್ಲಿ.

1/50 ಇಡಲು ಇನ್ನೊಂದು ಕಾರಣವೂ ಇದೆ. ಶಟರ್ ವೇಗ ಫ್ರೇಮ್ ದರದ ಎರಡರಷ್ಟು ಇದ್ದಾಗ ಚಲನೆಯಲ್ಲಿ ಬರುವ ಮಸುಕು ನಾವು ಸಿನಿಮಾದಲ್ಲಿ ನೋಡಿ ಒಗ್ಗಿಕೊಂಡಂಥದ್ದು. 1/500 ಇಟ್ಟರೆ ಡೊಳ್ಳು ಬಾರಿಸುವವನ ಕೈ ತುಂಡುತುಂಡಾಗಿ ಜಿಗಿಯುತ್ತದೆ.

ಸ್ಲೋ ಮೋಷನ್‌ಗೆ 50 ಫ್ರೇಮ್, 1/100. ಹೊರಗಡೆ ಬಿಸಿಲಿನಲ್ಲಿ 100 ಫ್ರೇಮ್, 1/200 ಇಡಬಹುದು. ಆದರೆ ಟ್ಯೂಬ್‌ಲೈಟ್ ಕೆಳಗೆ 100 ಫ್ರೇಮ್ ತೆಗೆಯುವಾಗ 1/200 ಇಟ್ಟರೆ ಫ್ರೇಮಿಗೆ ಅರ್ಧ ಏರಿಳಿತ ಮಾತ್ರ ಸಿಕ್ಕು ಮಿನುಗುತ್ತದೆ. ಅಲ್ಲಿ 1/100ಕ್ಕೇ ಇಳಿಸಿ. ಎಲ್‌ಇಡಿ ವಾಲ್ ಮತ್ತು ಬಣ್ಣದ ಸ್ಟೇಜ್ ಲೈಟುಗಳು ಮಾತ್ರ ಈ 50ರ ಲೆಕ್ಕಕ್ಕೆ ಸಿಗುವುದಿಲ್ಲ, ಅವುಗಳ ಮಿಟುಕು ಬೇರೆ. ಶಟರನ್ನು ದಶಾಂಶದಲ್ಲಿ ಸರಿಸುವ ಸೌಲಭ್ಯ ಕ್ಯಾಮೆರಾದಲ್ಲಿದ್ದರೆ ಪಟ್ಟಿ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ತಿರುಗಿಸಿ. ಇಲ್ಲದಿದ್ದರೆ ವಾಲ್ ಫ್ರೇಮಿನ ಹೊರಗೆ ಉಳಿಯುವಂತೆ ನಿಲ್ಲುವುದೇ ದಾರಿ.

ಅದೇ ಕೂಡ್ರಿಕೆಯಲ್ಲಿ ಮುಗಿಸಬೇಕಾದ ಉಳಿದ ಮೆನು ಕೆಲಸ: ಆಟೋ ಐಎಸ್‌ಒ ಬಂದ್. ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಬಂದ್. ಪಿಕ್ಚರ್ ಸ್ಟೈಲ್‌ನಲ್ಲಿ ನ್ಯೂಟ್ರಲ್ ಅಥವಾ ಫ್ಲ್ಯಾಟ್ ಆರಿಸಿ ಶಾರ್ಪ್‌ನೆಸ್ ತಳಕ್ಕೆ, ಕಾಂಟ್ರಾಸ್ಟ್ ಎರಡು ಹೆಜ್ಜೆ ಕೆಳಗೆ. ಕ್ಯಾಮೆರಾ ಒಳಗೇ ಹರಿತಗೊಳಿಸಿದ ಕೂದಲಿನ ಅಂಚು ದೊಡ್ಡ ಪರದೆಯಲ್ಲಿ ತಂತಿಯಂತೆ ಕಾಣುತ್ತದೆ, ಆಮೇಲೆ ಅದನ್ನು ಮೆತ್ತಗೆ ಮಾಡಲಾಗುವುದಿಲ್ಲ. ಲಾಗ್ ಪ್ರೊಫೈಲ್ (ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಮಾಸಲಾಗಿ ರೆಕಾರ್ಡ್ ಮಾಡುವ ವಿಧಾನ) ಬಗ್ಗೆ ಬಹಳ ಉತ್ಸಾಹ ಇರುತ್ತದೆ. 10-ಬಿಟ್ (ಬಣ್ಣದ ಛಾಯೆಗಳು ಹೆಚ್ಚಿರುವ) ರೆಕಾರ್ಡಿಂಗ್ ಇಲ್ಲದ ಕ್ಯಾಮೆರಾದಲ್ಲಿ ಲಾಗ್ ಹಾಕಬೇಡಿ: ಗ್ರೇಡಿಂಗ್‌ನಲ್ಲಿ (ಬಣ್ಣ ತಿದ್ದುವಾಗ) ಎಳೆದ ಕೂಡಲೇ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ.

ಬೆಳಕು ತಗ್ಗಿಸುವುದು: ಎನ್‌ಡಿ ಫಿಲ್ಟರ್

ಶಟರ್ 1/50ಕ್ಕೆ ಕಟ್ಟಿಹಾಕಿದ ಮೇಲೆ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಗೆ ಮಧ್ಯಾಹ್ನ ಹೋಗಿ ನಿಂತರೆ ಕಷ್ಟ ಗೊತ್ತಾಗುತ್ತದೆ. ಲೆಕ್ಕ ಹೀಗಿದೆ. ಸುಡು ಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಸರಿಯಾದ ಎಕ್ಸ್‌ಪೋಜರ್ ಎಫ್/16, 1/100. ಶಟರ್ 1/50 ಆದರೆ ಒಂದು ಸ್ಟಾಪ್ ಬೆಳಕು ಹೆಚ್ಚಾಗಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಎಫ್/22 ಬೇಕು. ನಿಮಗೆ ಹಿನ್ನೆಲೆ ಮಸುಕಾಗಲು ಎಫ್/2.8 ಬೇಕಲ್ಲ? ಎಫ್/22ರಿಂದ ಎಫ್/2.8ರವರೆಗೆ ಆರು ಸ್ಟಾಪ್. ಆರು ಸ್ಟಾಪ್ ಅಂದರೆ ಎನ್‌ಡಿ 64: ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜಿನ ಫಿಲ್ಟರ್. ಲಾಗ್ ಹಾಕಿ ಐಎಸ್‌ಒ 800ರಲ್ಲೇ ಇರಬೇಕಾದಾಗ ಇನ್ನೂ ಮೂರು ಸ್ಟಾಪ್ ಸೇರಿ ಒಂಬತ್ತಾಗುತ್ತದೆ.

ತಿರುಗಿಸಿ ಬದಲಿಸುವ ವೇರಿಯಬಲ್ ಎನ್‌ಡಿ ಅನುಕೂಲಕರ. 2ರಿಂದ 5 ಸ್ಟಾಪಿನದ್ದು ಮಧ್ಯಾಹ್ನ ಎಫ್/4ಕ್ಕೆ ಸಾಕು, ಎಫ್/2.8ಕ್ಕೆ ಸಾಲದು. ಗುರುತು ದಾಟಿ ಜಾಸ್ತಿ ತಿರುಗಿಸಿದರೆ ಫ್ರೇಮಿನಲ್ಲಿ ದೊಡ್ಡ ಕಪ್ಪು ಅಡ್ಡಗೀಟುಗಳು ಮೂಡುತ್ತವೆ. ಅದು ಫಿಲ್ಟರಿನ ಎರಡು ಧ್ರುವೀಕರಣ ಗಾಜುಗಳು ಪೂರ್ತಿ ಅಡ್ಡಲಾದ ಪರಿಣಾಮ, ಅಗಲ ಲೆನ್ಸಿನಲ್ಲಿ ಬೇಗ ಕಾಣುತ್ತದೆ. ಫಿಲ್ಟರ್ ಕೊಳ್ಳುವಾಗ ಪ್ರತಿ ಲೆನ್ಸಿಗೊಂದು ಬೇಡ. 77 ಅಥವಾ 82 ಎಂಎಂನದ್ದು ಒಂದೇ ಒಳ್ಳೆಯದು ತೆಗೆದುಕೊಂಡು ಉಳಿದ ಲೆನ್ಸುಗಳಿಗೆ ಸ್ಟೆಪ್-ಅಪ್ ರಿಂಗ್ (ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂಡಿಸುವ ಬಳೆ) ಹಾಕಿ.

ಎನ್‌ಡಿ ಇಲ್ಲದವರು ಶಟರ್ ಏರಿಸಿ ಕೆಲಸ ಮುಗಿಸುತ್ತಾರೆ. ಹೊರಾಂಗಣದ ವಿಡಿಯೋ ಹವ್ಯಾಸಿಯದ್ದು ಎಂದು ಮೊದಲ ನೋಟಕ್ಕೇ ಗೊತ್ತಾಗುವುದು ಬಹಳ ಸಲ ಇದರಿಂದಲೇ. ಮುಂದಿನ ಲೆನ್ಸಿಗಿಂತ ಮೊದಲು ಫಿಲ್ಟರಿಗೆ ದುಡ್ಡು ಹಾಕಿ ಎಂದು ನಾವು ಒತ್ತಿ ಹೇಳುತ್ತೇವೆ.

ಎಕ್ಸ್‌ಪೋಜರ್ ಮತ್ತು ಬಣ್ಣ: ಬ್ಯಾಡಗಿಯ ಕೆಂಪಿನ ಪಾಠ

ಪರದೆ ನೋಡಿ ಎಕ್ಸ್‌ಪೋಜರ್ ನಿರ್ಧರಿಸಬೇಡಿ, ಬಿಸಿಲಿನಲ್ಲಿ ಪರದೆ ಯಾವಾಗಲೂ ಕತ್ತಲಾಗಿಯೇ ಕಾಣುತ್ತದೆ. ಜೀಬ್ರಾ ಪಟ್ಟಿಗಳನ್ನು (ಬೆಳಕು ಒಂದು ಮಟ್ಟ ಮುಟ್ಟಿದ ಕಡೆ ಪರದೆಯಲ್ಲಿ ಮೂಡುವ ಓರೆಗೀಟು) ಹಾಕಿಕೊಳ್ಳಿ. 100ಕ್ಕೆ ಇಟ್ಟರೆ ಸುಟ್ಟುಹೋದ ಜಾಗ ತೋರಿಸುತ್ತದೆ. 70ಕ್ಕೆ ಇಟ್ಟರೆ ತಿಳಿ ಮೈಬಣ್ಣದ ಹಣೆ-ಕೆನ್ನೆಯ ಹೊಳಪಿಗೆ ಪಟ್ಟಿ ಬರಬೇಕು, ಕಪ್ಪು ಮೈಬಣ್ಣಕ್ಕೆ ಅದು ಬರುವಂತೆ ಎಳೆದರೆ ಅತಿಯಾಗುತ್ತದೆ. ಜೀಬ್ರಾ ಇಲ್ಲದಿದ್ದರೆ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ).

ಹಾವೇರಿ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಹಿಸ್ಟೋಗ್ರಾಮ್ ಒಂದು ಕಡೆ ಮೋಸ ಮಾಡುತ್ತದೆ. ಸೀಸನ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯ ಅಂಗಳ ಪೂರ್ತಿ ಮೆಣಸಿನಕಾಯಿ. ಬಿಳಿ ಹಿಸ್ಟೋಗ್ರಾಮ್ ನಡುವಿನಲ್ಲಿ ಆರಾಮಾಗಿ ಕೂತಿರುತ್ತದೆ, ಮನೆಗೆ ಬಂದು ನೋಡಿದರೆ ರಾಶಿ ಬರೀ ಒಂದು ಕೆಂಪು ಬಣ್ಣದ ಮುದ್ದೆ. ಕಡ್ಡಿ ತಳಿಯ ಸುಕ್ಕಿಲ್ಲ, ಡಬ್ಬಿ ತಳಿಯ ಉಬ್ಬಿಲ್ಲ. ಆದದ್ದಿಷ್ಟು: ಬಿಳಿ ಹಿಸ್ಟೋಗ್ರಾಮ್ ಮೂರೂ ಬಣ್ಣಗಳನ್ನು ಕೂಡಿಸಿದ ಸರಾಸರಿ, ಅದರಲ್ಲಿ ಹಸಿರಿನ ಪಾಲೇ ಹೆಚ್ಚು. ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿದರೆ ಅದು ತೋರಿಸುವುದಿಲ್ಲ. ಆದ್ದರಿಂದ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿ ಕೆಂಪು ಗೆರೆ ಬಲ ಗೋಡೆಗೆ ತಾಗದಷ್ಟು ಎಕ್ಸ್‌ಪೋಜರ್ ಇಳಿಸಿ. ಸಾಮಾನ್ಯವಾಗಿ ಮೂರರಲ್ಲಿ ಎರಡು ಭಾಗದಿಂದ ಒಂದು ಸ್ಟಾಪ್ ಇಳಿಸಬೇಕಾಗುತ್ತದೆ. ಪಿಕ್ಚರ್ ಸ್ಟೈಲ್‌ನ ಸ್ಯಾಚುರೇಷನ್ ಕೂಡ ಎರಡು ಹೆಜ್ಜೆ ಕೆಳಗಿರಲಿ. ಸುಕ್ಕು ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳುವ ಬೆಳಗಿನ ಹೊತ್ತೇ ಸರಿ, ನೆತ್ತಿಯ ಬಿಸಿಲಿಗೆ ಕಾಯಿ ಚಪ್ಪಟೆ ಕಾಣುತ್ತದೆ. ಇದೇ ಸೂತ್ರ ಕುಂಕುಮ, ಭಂಡಾರ (ಅರಿಶಿನ ಪುಡಿ), ಮದುಮಗಳ ಕೆಂಪು ಸೀರೆ, ದಾಸವಾಳ ಎಲ್ಲಕ್ಕೂ. ಅಂಗಳದಲ್ಲಿ ಲೆನ್ಸ್ ಬಿಚ್ಚಬೇಡಿ, ಮೆಣಸಿನ ಧೂಳು ಸೆನ್ಸರ್ ಮೇಲೆ ಕೂಡುತ್ತದೆ. ಮಾಸ್ಕ್ ಹಾಕಿಕೊಳ್ಳಿ: ಕೆಮ್ಮಿದರೆ ಶಾಟ್ ಅಲುಗುತ್ತದೆ, ಧ್ವನಿಯೂ ಹೋಗುತ್ತದೆ.

ವೈಟ್ ಬ್ಯಾಲೆನ್ಸ್ ಕೆಲ್ವಿನ್‌ನಲ್ಲಿ (ಬೆಳಕಿನ ಬಣ್ಣದ ಅಳತೆ) ಇಡಿ: ಬಿಸಿಲಿಗೆ 5600, ಹಳದಿ ಹ್ಯಾಲೊಜೆನ್‌ಗೆ 3200. ಕಾರ್ಯಾಲಯದಲ್ಲಿ ಎರಡೂ ಒಟ್ಟಿಗೆ ಇರುತ್ತವೆ, ಮೇಲೆ ಬಿಳಿ ಎಲ್‌ಇಡಿ, ಮಂಟಪದ ಮುಂದೆ ಹಳದಿ ಫೋಕಸ್. ಮುಖದ ಮೇಲೆ ಯಾವುದು ಬೀಳುತ್ತಿದೆಯೋ ಅದಕ್ಕೆ ಹೊಂದಿಸಿ, ಹಿನ್ನೆಲೆ ಸ್ವಲ್ಪ ನೀಲಿಯಾದರೆ ಪರವಾಗಿಲ್ಲ. ಎರಡು ಕ್ಯಾಮೆರಾ ಇದ್ದರೆ ಎರಡರಲ್ಲೂ ಅದೇ ಸಂಖ್ಯೆ ಹಾಕಿ, ಒಂದೇ ಬಿಳಿ ಹಾಳೆಯನ್ನು ಎರಡಕ್ಕೂ ತೋರಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎಡಿಟಿಂಗ್‌ನಲ್ಲಿ ಬಣ್ಣ ಸೇರಿಸಲು ಆ ಐದು ಸೆಕೆಂಡು ಬೇಕಾಗುತ್ತದೆ.

ಇಳಕಲ್ ಸೀರೆಯ ಸಣ್ಣ ಚೌಕಳಿ, ಸಣ್ಣ ಗೆರೆಯ ಅಂಗಿ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಕಾಮನಬಿಲ್ಲಿನಂತೆ ಅಲೆಯುತ್ತವೆ. ಸೆನ್ಸರಿನ ಸಾಲುಗಳಿಗೂ ನೇಯ್ಗೆಯ ಸಾಲುಗಳಿಗೂ ತಿಕ್ಕಾಟವಾದಾಗ ಬರುವ ದೋಷ ಇದು, ಮ್ವಾರೆ ಎನ್ನುತ್ತಾರೆ. ಎರಡು ಹೆಜ್ಜೆ ಹಿಂದೆ-ಮುಂದೆ ಸರಿಯಿರಿ, ಇಲ್ಲವೇ ಅಪರ್ಚರ್ ತೆರೆದು ಬಟ್ಟೆ ಸ್ವಲ್ಪ ಮಸುಕಾಗಲು ಬಿಟ್ಟು ಕಣ್ಣಿಗೆ ಫೋಕಸ್ ಹಿಡಿಯಿರಿ.

ಫೋಕಸ್

ಎಫ್/1.8 ಲೆನ್ಸ್ ಕೈಗೆ ಬಂದವರು ಎಲ್ಲವನ್ನೂ ಎಫ್/1.8ರಲ್ಲೇ ತೆಗೆಯುತ್ತಾರೆ. ಫುಲ್ ಫ್ರೇಮ್‌ನಲ್ಲಿ 50 ಎಂಎಂ, ಒಂದೂವರೆ ಮೀಟರ್ ದೂರ, ಎಫ್/1.8 ಆದರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 10 ಸೆಂ.ಮೀ. ಮಾತಾಡುವವರು ಮುಂದೆ ಬಾಗಿದರೆ ಮುಗಿಯಿತು. ಎಫ್/4ಕ್ಕೆ ಆ ಆಳ 20 ಸೆಂ.ಮೀ. ದಾಟುತ್ತದೆ. ಸಂದರ್ಶನಕ್ಕೆ ಎಫ್/2.8ರಿಂದ 4 ಸಾಕು, ಹಿನ್ನೆಲೆ ಮಸುಕಾಗಬೇಕಾದರೆ ವ್ಯಕ್ತಿಯನ್ನು ಗೋಡೆಯಿಂದ ದೂರ ಕೂಡಿಸಿ.

ಹೊಸ ಮಿರರ್‌ಲೆಸ್ ಕ್ಯಾಮೆರಾಗಳ (ಒಳಗೆ ಕನ್ನಡಿ ಇಲ್ಲದವು) ಮುಖ-ಕಣ್ಣು ಹಿಡಿಯುವ ಆಟೋಫೋಕಸ್ ನಂಬಲರ್ಹ. ಆದರೂ ಎರಡು ಕಡೆ ಅದು ಕೈಕೊಡುತ್ತದೆ. ಒಂದು, ಅಕ್ಷತೆ ಬೀಳುವ ಹೊತ್ತು: ಲೆನ್ಸಿನ ಮುಂದೆ ನೂರಾರು ಅಕ್ಕಿಕಾಳು, ಎತ್ತಿದ ಕೈಗಳು. ಫೋಕಸ್ ಕಾಳಿಗೆ ಜಿಗಿದು ಮದುಮಕ್ಕಳ ಮುಖಕ್ಕೆ ಮರಳುವಷ್ಟರಲ್ಲಿ ಆ ಗಳಿಗೆ ದಾಟಿರುತ್ತದೆ. ಇನ್ನೊಂದು, ಗಾಯಕರ ತಾನಿನ ಜೊತೆ ಕೈ ಮುಖದ ಮುಂದೆ ಹಾಯ್ದಾಗ. ಎರಡಕ್ಕೂ ಮದ್ದು ಒಂದೇ: ಆ ಹೊತ್ತಿಗೆ ಸ್ವಲ್ಪ ಮೊದಲು ಮುಖಕ್ಕೆ ಫೋಕಸ್ ಹಿಡಿದು ಮ್ಯಾನ್ಯುಯಲ್‌ಗೆ ಬದಲಿಸಿ, ಎಫ್/4 ಇಟ್ಟುಕೊಂಡು ನಿಶ್ಚಿಂತೆಯಿಂದಿರಿ. ಮ್ಯಾನ್ಯುಯಲ್ ಬೇಡವೆಂದರೆ ಆಟೋಫೋಕಸ್ ಬೇರೆ ವಸ್ತುವಿಗೆ ಹಾರುವ ಸಂವೇದನೆಯನ್ನು ಮೆನುವಿನಲ್ಲಿ ತೀರಾ ಕಡಿಮೆ ಮಾಡಿ.

ಮ್ಯಾನ್ಯುಯಲ್ ಫೋಕಸ್ ಮಾಡುವವರು ಚಿತ್ರವನ್ನು ಐದು-ಹತ್ತು ಪಟ್ಟು ಹಿಗ್ಗಿಸಿ ಕಣ್ಣಿನ ರೆಪ್ಪೆ ನೋಡಿ ಹಿಡಿಯಬೇಕು. ಪೀಕಿಂಗ್‌ನ (ಫೋಕಸ್ ಆದ ಭಾಗಕ್ಕೆ ಬಣ್ಣ ಬಳಿದು ತೋರಿಸುವ ಸೌಲಭ್ಯದ) ಬಣ್ಣದ ಅಂಚು ದಾರಿ ತೋರಿಸುತ್ತದೆ, ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ.

ಸದ್ದು: ಅರ್ಧ ಕೆಲಸ ಇಲ್ಲಿದೆ

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಅರ್ಧ ನಿಮಿಷಕ್ಕೆ ಎದ್ದುಹೋಗುತ್ತಾರೆ. ಕ್ಯಾಮೆರಾದ ಒಳಗಿನ ಮೈಕು ಲೆನ್ಸಿನ ಮೋಟಾರ್, ನಿಮ್ಮ ಬೆರಳು, ಪಕ್ಕದವರ ಹರಟೆ ಎಲ್ಲವನ್ನೂ ಹಿಡಿಯುತ್ತದೆ, ಎದುರಿನವರ ಮಾತನ್ನು ಬಿಟ್ಟು. ಅದನ್ನು ಸಿಂಕ್ ಮಾಡಲು (ಬೇರೆ ರೆಕಾರ್ಡ್ ಮಾಡಿದ ಧ್ವನಿಯನ್ನು ಚಿತ್ರಕ್ಕೆ ಹೊಂದಿಸಲು) ಮಾತ್ರ ಬಳಸಿ.

ಮಾತಿಗೆ ಕಾಲರ್ ಮೈಕ್. ಗದ್ದದಿಂದ ಒಂದು ಗೇಣು ಕೆಳಗೆ ಹಾಕಿ. ತಾಳಿ, ಸರ, ಶಲ್ಯದ ಅಂಚು ತಾಗದಂತೆ ನೋಡಿ: ತಾಗಿದರೆ ಕರಕರ ಸದ್ದು, ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯದು. ಹೊರಗಡೆ ಫೋಮ್ ಸಾಲದು, ರೋಮದ ವಿಂಡ್‌ಶೀಲ್ಡ್ ಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆಂದರೆ ಅಲ್ಲಿ ಗಾಳಿ ಎಷ್ಟಿರಬಹುದು ಲೆಕ್ಕ ಹಾಕಿ.

ಕ್ಯಾಮೆರಾದಲ್ಲಿ ಆಟೋ ಆಡಿಯೋ ಲೆವೆಲ್ ಬಂದ್ ಮಾಡಿ. ಅದು ಚಾಲೂ ಇದ್ದರೆ ಮಾತಿನ ನಡುವಿನ ಮೌನದಲ್ಲಿ ಹಿನ್ನೆಲೆಯ ಸುಯ್ ಸದ್ದನ್ನು ಎತ್ತಿ ಎತ್ತಿ ಕೊಡುತ್ತದೆ. ಫೋಟೋ ಕ್ಯಾಮೆರಾಗಳ ಧ್ವನಿ ಆಂಪ್ಲಿಫೈಯರ್ ದುರ್ಬಲ, ಅದಕ್ಕೆ ಕ್ಯಾಮೆರಾ ಗೇನ್ ತೀರಾ ಕಡಿಮೆ ಇಟ್ಟು ಮೈಕ್ ರಿಸೀವರ್‌ನ ಔಟ್‌ಪುಟ್ ಹೆಚ್ಚಿಸಿ. ಮಾತಿನ ಗಟ್ಟಿ ಭಾಗ ಮೈನಸ್ 12 ಡಿಬಿ ಹತ್ತಿರ ಇರಲಿ, ನಕ್ಕರೂ ಕೂಗಿದರೂ ಮೈನಸ್ 6 ದಾಟಬಾರದು. ಸೊನ್ನೆ ಮುಟ್ಟಿ ಒಡೆದ ಸದ್ದು ಹೋದ ಹಾಗೇ.

ಕಾರ್ಯಕ್ರಮಗಳಲ್ಲಿ ಸೌಂಡ್ ಸಿಸ್ಟಂನವರಿಂದ ನೇರ ಲೈನ್ ತೆಗೆದುಕೊಳ್ಳುವುದು ಒಳ್ಳೆಯದು, ಆದರೆ ಮಿಕ್ಸರಿನ ಲೈನ್ ಔಟ್ ಅನ್ನು ಕ್ಯಾಮೆರಾದ ಮೈಕ್ ಜ್ಯಾಕ್‌ಗೆ ಹಾಗೇ ಚುಚ್ಚಬೇಡಿ. ಲೈನ್ ಮಟ್ಟ ಮೈಕ್ ಮಟ್ಟಕ್ಕಿಂತ ಹತ್ತಾರು ಡಿಬಿ ಜಾಸ್ತಿ, ಧ್ವನಿ ಪೂರ್ತಿ ಒಡೆದು ಬರುತ್ತದೆ. ನಡುವೆ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ಕೇಬಲ್ ಹಾಕಿ, ಅಥವಾ ಲೈನ್ ಇನ್ ಇರುವ ಸಣ್ಣ ರೆಕಾರ್ಡರ್‌ಗೆ ಕೊಡಿ. ರೆಕಾರ್ಡರ್ ಬ್ಯಾಟರಿಯ ಮೇಲೆ ನಡೆಯಲಿ. ಜನರೇಟರಿನ ಕರೆಂಟಿಗೆ ಎರಡೂ ಯಂತ್ರ ಸೇರಿದರೆ ಅರ್ಥಿಂಗ್ ಸುತ್ತಿಕೊಂಡು 50 ಹರ್ಟ್ಸ್‌ನ ಗುಂಯ್ ಎಂಬ ನಾದ ಒಳಗೆ ಬರುತ್ತದೆ.

ರೆಕಾರ್ಡರ್ 48 ಕಿಲೋಹರ್ಟ್ಸ್, 24-ಬಿಟ್‌ನಲ್ಲಿರಲಿ. ಆರಂಭದಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಗಂಟೆಗಟ್ಟಲೆ ರೆಕಾರ್ಡಿಂಗ್ ಕೊನೆಗೆ ಕೆಲವು ಫ್ರೇಮ್ ಸರಿದಿರುತ್ತದೆ. ಕೊನೆಯ ಚಪ್ಪಾಳೆ ಇದ್ದರೆ ಎಷ್ಟು ಸರಿದಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಹಿಡಿತ

ಫೋಟೋ ಟ್ರೈಪಾಡಿನ ಬಾಲ್ ಹೆಡ್ ವಿಡಿಯೋಗೆ ಬರುವುದಿಲ್ಲ, ಪ್ಯಾನ್ ಮಾಡಿದರೆ (ಅಡ್ಡಕ್ಕೆ ತಿರುಗಿಸಿದರೆ) ದಿಗಂತ ವಾಲುತ್ತದೆ. ಒಳಗಿನ ದ್ರವದಿಂದ ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಬೇಕು. ಕಾಲುಗಳನ್ನು ನಿಲ್ಲಿಸಿ ಮಟ್ಟ ತೋರಿಸುವ ನೀರುಗುಳ್ಳೆ ನಡುವಿಗೆ ತಂದುಕೊಂಡೇ ಶುರು ಮಾಡಿ. ಪ್ಯಾನ್ ನಿಧಾನವಾಗಿರಲಿ: ಫ್ರೇಮಿನ ಒಂದು ಅಂಚಿನಲ್ಲಿದ್ದ ವಸ್ತು ಇನ್ನೊಂದು ಅಂಚಿಗೆ ಹೋಗಲು ಏಳು ಸೆಕೆಂಡು ಹಿಡಿಯಬೇಕು. ಅದಕ್ಕಿಂತ ಬೇಗ ಹೋದರೆ 25 ಫ್ರೇಮ್‌ನಲ್ಲಿ ಚಿತ್ರ ತಡವರಿಸುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಗೋಡೆಯಂಥ ಸೂಕ್ಷ್ಮ ಕೆತ್ತನೆಯ ಮೇಲೆ ಬೇಗ ಪ್ಯಾನ್ ಮಾಡಿದರೆ ಶಿಲ್ಪದ ಒಂದು ಎಳೆಯೂ ಕಣ್ಣಿಗೆ ನಿಲ್ಲುವುದಿಲ್ಲ. ಪ್ರತಿ ಶಾಟ್ ಚಲನೆಗೆ ಮೊದಲು ಐದು ಸೆಕೆಂಡು, ಆಮೇಲೆ ಐದು ಸೆಕೆಂಡು ಅಲುಗದೆ ಹಿಡಿಯಿರಿ, ಕತ್ತರಿಸುವವನಿಗೆ ಜಾಗ ಬೇಕು.

ಸೆನ್ಸರ್ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತಾ ಹೋಗುವುದರಿಂದ ವೇಗದ ವಸ್ತುಗಳು ಓರೆಯಾಗುತ್ತವೆ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ದ ಹಿಡಿಯಲು ಓಡುವ ರೈಲಿನ ಕಿಟಕಿಯಿಂದ ತೆಗೆದರೆ ಹತ್ತಿರದ ಕಂಬಗಳೆಲ್ಲ ವಾಲಿರುತ್ತವೆ. ರೈಲು ನಿಧಾನ ಇದ್ದಾಗ, ದೂರದ ವಸ್ತುವಿನ ಕಡೆ ಕ್ಯಾಮೆರಾ ಇಟ್ಟು ತೆಗೆಯಿರಿ.

ಗಿಂಬಲ್ (ಮೋಟಾರಿನಿಂದ ಕ್ಯಾಮೆರಾ ಅಲುಗದಂತೆ ಹಿಡಿಯುವ ಹಿಡಿಕೆ) ಇದ್ದವರು ಮೋಟಾರ್ ಹಾಕುವ ಮೊದಲು, ಬಂದ್ ಇರುವಾಗಲೇ, ಮೂರೂ ಅಕ್ಷದಲ್ಲಿ ಕ್ಯಾಮೆರಾ ತಾನಾಗಿ ನಿಲ್ಲುವಂತೆ ತೂಗಿಸಿ. ಮುಚ್ಚಳ, ಫಿಲ್ಟರ್, ಮೈಕ್ ಎಲ್ಲ ಹಾಕಿದ ಮೇಲೆ ತೂಗಬೇಕು. ಮದುವೆ ಮನೆಯ ಗದ್ದಲದಲ್ಲಿ ಒಂಟಿ ಕಾಲಿನ ಮೊನೊಪಾಡ್ ಹೆಚ್ಚು ಉಪಯೋಗಿ: ಒಂದು ಚಪ್ಪಲಿಯಷ್ಟು ಜಾಗ ಸಾಕು. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಸ್ಟೆಬಿಲೈಸೇಷನ್ ಬಂದ್ ಮಾಡಿ, ಇಲ್ಲದಿದ್ದರೆ ಕೆಲವು ಲೆನ್ಸುಗಳಲ್ಲಿ ಫ್ರೇಮ್ ಮೆಲ್ಲಗೆ ತೇಲುತ್ತದೆ.

ದೀರ್ಘ ರೆಕಾರ್ಡಿಂಗ್: ಬೈಠಕ್, ಭಾಷಣ, ಪುರಾಣ

ಧಾರವಾಡ-ಗದಗಿನಲ್ಲಿ ಕೆಲಸ ಮಾಡುವವರಿಗೆ ಇದು ಮುಖ್ಯ. ಅನೇಕ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. 30 ನಿಮಿಷ ದಾಟಿದರೆ ಐರೋಪ್ಯ ಒಕ್ಕೂಟದಲ್ಲಿ ವಿಡಿಯೋ ಕ್ಯಾಮೆರಾ ಎಂದು ಸುಂಕ ಬೀಳುತ್ತಿತ್ತು, ಅದನ್ನು ತಪ್ಪಿಸಲು ಕಂಪನಿಗಳು ಇಟ್ಟ ಮಿತಿ ಇದು. ಹಳೆಯ 5ಡಿ ಮಾರ್ಕ್ 2ರಲ್ಲಿ 4 ಜಿಬಿ ಫೈಲ್ ಮಿತಿಯಿಂದ ಸುಮಾರು 12 ನಿಮಿಷಕ್ಕೇ ನಿಲ್ಲುತ್ತಿತ್ತು. ಹೊಸ ಮಾದರಿಗಳಲ್ಲಿ ಹಲವಕ್ಕೆ ಮಿತಿ ಇಲ್ಲ, ನಿಮ್ಮದರ ಕೈಪಿಡಿ ನೋಡಿಕೊಳ್ಳಿ.

ವಿಲಂಬಿತ್ ಖ್ಯಾಲು ಅರ್ಧ ಗಂಟೆ ದಾಟುವುದು ಸಹಜ. ಗಾಯಕರು ಆಲಾಪದಿಂದ ಮೆಲ್ಲಗೆ ಏರಿ ತಾನಿಗೆ ಬಂದ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ನಿಂತರೆ ಆ ಸಮ್ (ತಾಳದ ಮೊದಲ ಘಾತ) ಮತ್ತೆ ಸಿಗುವುದಿಲ್ಲ. ಎರಡು ಕ್ಯಾಮೆರಾ ಇಡಿ, ಎರಡನೆಯದನ್ನು ಹತ್ತು ನಿಮಿಷ ತಡವಾಗಿ ಶುರು ಮಾಡಿ. ಒಂದು ನಿಂತಾಗ ಇನ್ನೊಂದು ಓಡುತ್ತಿರುತ್ತದೆ. ಮೊದಲನೆಯದಕ್ಕೆ 25ನೇ ನಿಮಿಷಕ್ಕೆ ಫೋನಿನಲ್ಲಿ ಕಂಪನದ ಅಲಾರ್ಮ್ ಇಟ್ಟುಕೊಂಡು, ತಬಲಾ ಠೇಕಾ ಮಾತ್ರ ನಡೆಯುವ ಕಡೆ ನಿಲ್ಲಿಸಿ ತಕ್ಷಣ ಮತ್ತೆ ಒತ್ತಿ. ಧ್ವನಿ ಮಾತ್ರ ರೆಕಾರ್ಡರ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಓಡಲಿ. ಧ್ವನಿ ಅಖಂಡವಾಗಿದ್ದರೆ ಚಿತ್ರದ ಕೊರತೆಯನ್ನು ತಂಬೂರಿಯ ಶಾಟ್ ಹಾಕಿ ಮುಚ್ಚಬಹುದು. ತಂಬೂರಿ, ಶ್ರೋತೃಗಳ ಶಾಟ್‌ಗಳನ್ನು ಅದಕ್ಕೆಂದೇ ತೆಗೆದಿಟ್ಟುಕೊಳ್ಳಿ.

ಕಾರ್ಡಿನ ಲೆಕ್ಕ: ಸೆಕೆಂಡಿಗೆ 100 ಮೆಗಾಬಿಟ್ ದರ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. 128 ಜಿಬಿ ಕಾರ್ಡಿಗೆ ಎರಡೂಮುಕ್ಕಾಲು ಗಂಟೆ. ಈ ದರಕ್ಕೆ ವಿ30 ಗುರುತಿನ ಕಾರ್ಡ್ ಸಾಕು. 400 ಮೆಗಾಬಿಟ್‌ಗೆ ವಿ60 ಬೇಕು, ಕಡಿಮೆ ಹಾಕಿದರೆ ರೆಕಾರ್ಡಿಂಗ್ ನಡುವೆಯೇ ನಿಲ್ಲುತ್ತದೆ. ಕಾರ್ಡನ್ನು ಪ್ರತಿ ಸಲ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಬಿಸಿ: ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಕೆಲಸದ ಮಿತಿ 40 ಡಿಗ್ರಿ. ಬೇಸಿಗೆಯಲ್ಲಿ ಗದಗಿನ ಬಯಲಲ್ಲಿ ಕಪ್ಪು ಬಾಡಿ ಬಿಸಿಲಿಗೆ ಕೂತರೆ ಅದು ಸುಲಭವಾಗಿ ದಾಟುತ್ತದೆ. ಪರದೆಯನ್ನು ಬಾಡಿಯಿಂದ ದೂರ ತಿರುಗಿಸಿಡಿ, ಕೊಡೆ ಹಿಡಿಯಿರಿ, ಬಿಳಿ ವಸ್ತ್ರ ಹೊದಿಸಿ, ಶಾಟ್ ನಡುವೆ ಕ್ಯಾಮೆರಾ ಆಫ್ ಮಾಡಿ. ದೀರ್ಘ ಕೆಲಸಕ್ಕೆ ಡಮ್ಮಿ ಬ್ಯಾಟರಿ (ಬ್ಯಾಟರಿಯ ಜಾಗಕ್ಕೆ ಕೂಡಿ ವೈರಿನಿಂದ ಕರೆಂಟ್ ಕೊಡುವ ಡಬ್ಬಿ) ಅಥವಾ ಯುಎಸ್‌ಬಿಯಲ್ಲಿ ನಡೆಯುವ ಕ್ಯಾಮೆರಾಗೆ ಪವರ್ ಬ್ಯಾಂಕ್ ಹಾಕಿ. ಮಿರರ್‌ಲೆಸ್ ಬ್ಯಾಟರಿ ವಿಡಿಯೋದಲ್ಲಿ ಗಂಟೆ-ಒಂದೂವರೆ ಗಂಟೆ ಬಂದರೆ ದೊಡ್ಡದು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಚಿಂತೆ ಬೇರೆ: ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಚರ್ಮದ ಚೀಲದಲ್ಲಿ ಬೇಡ.

ಮನೆಯ ಪಡಸಾಲೆಯಲ್ಲಿ ಸಂದರ್ಶನ, ಕ್ರಮವಾಗಿ

1. ಕಿಟಕಿ ಪಕ್ಕಕ್ಕೆ ಬರುವಂತೆ ಕುರ್ಚಿ ಹಾಕಿ, ಗೋಡೆಯಿಂದ ಆರೇಳು ಅಡಿ ಮುಂದೆ. ತಿರುಗುವ ಕುರ್ಚಿ ಬೇಡ, ಜನ ಅಲುಗಾಡುತ್ತಾರೆ.
2. ಟ್ಯೂಬ್‌ಲೈಟ್ ಬಂದ್ ಮಾಡಿ. ಕಿಟಕಿ ಬೆಳಕು ಸಾಲದಿದ್ದರೆ ಸಾಫ್ಟ್‌ಬಾಕ್ಸ್ ಹಾಕಿದ ಎಲ್‌ಇಡಿಯನ್ನು ಕಿಟಕಿಯ ಕಡೆಯಿಂದಲೇ 45 ಡಿಗ್ರಿಯಲ್ಲಿ, 5600 ಕೆಲ್ವಿನ್‌ಗೆ. ಇನ್ನೊಂದು ಕೆನ್ನೆ ತೀರಾ ಕತ್ತಲಾದರೆ ಬಿಳಿ ಥರ್ಮೋಕೋಲ್ ಹಲಗೆ ಹಿಡಿಯಿರಿ.
3. ಫ್ಯಾನ್, ಫ್ರಿಡ್ಜ್ ಬಂದ್. ಗಾಡಿಯ ಕೀಲಿಯನ್ನು ಫ್ರಿಡ್ಜ್ ಒಳಗೆ ಇಡಿ: ಮರಳಿ ಚಾಲೂ ಮಾಡದೆ ನೀವು ಆ ಮನೆ ಬಿಡಲಾರಿರಿ.
4. ಕ್ಯಾಮೆರಾ ಅವರ ಕಣ್ಣಿನ ಎತ್ತರಕ್ಕೆ. ಪ್ರಶ್ನೆ ಕೇಳುವವರು ಲೆನ್ಸಿಗೆ ತಾಗಿದಂತೆ ಪಕ್ಕದಲ್ಲಿ ಕೂಡಬೇಕು.
5. 25 ಫ್ರೇಮ್, 1/50, ಎಫ್/2.8 ಅಥವಾ 4, ಬೆಳಕಿಗೆ ತಕ್ಕ ಐಎಸ್‌ಒ. ಹಿಗ್ಗಿಸಿ ಕಣ್ಣಿಗೆ ಫೋಕಸ್.
6. "ಇವತ್ತು ಮುಂಜಾನೆ ಏನು ನಾಷ್ಟಾ ಮಾಡಿದ್ರಿ?" ಎಂದು ಕೇಳಿ ಲೆವೆಲ್ ಹೊಂದಿಸಿ. ಒಂದು, ಎರಡು, ಮೂರು ಎಂದು ಎಣಿಸಿ ಅಂದರೆ ಯಾರೂ ಸಹಜ ಧ್ವನಿಯಲ್ಲಿ ಹೇಳುವುದಿಲ್ಲ.
7. ಪ್ರಶ್ನೆಯ ಮಾತು ಸೇರಿಸಿ ಉತ್ತರ ಹೇಳಲು ಮೊದಲೇ ವಿನಂತಿಸಿ. "ಹೌದ್ರಿ" ಎಂಬ ಒಂದೇ ಪದ ಎಡಿಟಿಂಗ್‌ನಲ್ಲಿ ಉಪಯೋಗಕ್ಕೆ ಬಾರದು.
8. ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು 30 ಸೆಕೆಂಡು ಕೋಣೆಯ ಮೌನ ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಸಂದಿಗೆ ಹಾಕಲು ಅದು ಬೇಕು.

ಅನುಮತಿ

ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯ ಗುಡಿಗಳಲ್ಲಿ ಟ್ರೈಪಾಡ್ ಹಾಕಿ ವೃತ್ತಿಪರ ಚಿತ್ರೀಕರಣ ಮಾಡಲು ಮೊದಲೇ ಅನುಮತಿ ಪಡೆಯಬೇಕು. ರೈಲು ನಿಲ್ದಾಣಕ್ಕೂ ಹಾಗೇ. ಮಠಗಳಲ್ಲಿ ಆಡಳಿತದವರನ್ನು ಕೇಳಿ, ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವ ಮುನ್ನ ಇನ್ನೊಮ್ಮೆ ಕೇಳಿ.

ಮರಳಿ ಬಂದ ಮೇಲೆ

ಊಟಕ್ಕೆ ಕೂಡುವ ಮೊದಲು ಕಾರ್ಡ್ ಎರಡು ಬೇರೆ ಬೇರೆ ಡ್ರೈವ್‌ಗೆ ಕಾಪಿ ಆಗಬೇಕು. ಕಾರ್ಡಿನ ಪೂರ್ತಿ ಫೋಲ್ಡರ್ ರಚನೆಯನ್ನೇ ತೆಗೆದುಕೊಳ್ಳಿ, ಬರೀ ಕ್ಲಿಪ್ ಆರಿಸಬೇಡಿ. ಎರಡೂ ಕಡೆ ಕೆಲವು ಫೈಲ್ ತೆರೆದು ಕೊನೆಯವರೆಗೆ ಓಡಿಸಿ ನೋಡಿ. ಆಮೇಲೆ ಮಾತ್ರ ಫಾರ್ಮ್ಯಾಟ್.

ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹೆಚ್ಚಿನ ಕೆಲಸಕ್ಕೆ ಸಾಕು. ಪ್ರಾಜೆಕ್ಟ್ ತೆರೆದ ಕೂಡಲೇ ಟೈಮ್‌ಲೈನ್ ಫ್ರೇಮ್ ದರ 25ಕ್ಕೆ ಇಡಿ. ಕ್ಲಿಪ್ ಹಾಕಿದ ಮೇಲೆ ಪ್ರಾಜೆಕ್ಟಿನ ಆ ದರ ಬದಲಿಸಲು ಅದು ಬಿಡುವುದಿಲ್ಲ. ಕಂಪ್ಯೂಟರ್ ತಡವರಿಸಿದರೆ ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡುವ ಹಗುರ ನಕಲು) ಮಾಡಿಕೊಳ್ಳಿ. ರೆಕಾರ್ಡರ್ ಧ್ವನಿಯನ್ನು ಅಲೆಯ ಆಕಾರ ನೋಡಿ ತಾನೇ ಸಿಂಕ್ ಮಾಡುತ್ತದೆ. ಸಿಂಕ್ ಆದ ಮೇಲೆ ಕೊನೆಯ ಚಪ್ಪಾಳೆ ಕೂಡುತ್ತದೆಯೇ ನೋಡಿ, ಕೂಡದಿದ್ದರೆ ಕ್ಯಾಮೆರಾ ಧ್ವನಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಮೌನದ ಜಾಗಗಳಲ್ಲಿ ಕತ್ತರಿಸಿ ಸರಿಸಿ.

ಬಣ್ಣದಲ್ಲಿ ಮೊದಲು ಎಕ್ಸ್‌ಪೋಜರ್, ಆಮೇಲೆ ವೈಟ್ ಬ್ಯಾಲೆನ್ಸ್, ಕೊನೆಗೆ ಸ್ಯಾಚುರೇಷನ್. ವೆಕ್ಟರ್‌ಸ್ಕೋಪ್‌ನಲ್ಲಿ (ಬಣ್ಣ ಅಳೆದು ತೋರಿಸುವ ವೃತ್ತದಲ್ಲಿ) ಮೈಬಣ್ಣದ ಗೆರೆ ಇದೆ, ಕಪ್ಪು ಮುಖವಾಗಲಿ ಬಿಳಿ ಮುಖವಾಗಲಿ ಅದರ ಹತ್ತಿರವೇ ಬೀಳಬೇಕು. ಮುಗಿದ ಚಿತ್ರವನ್ನು ಒಮ್ಮೆ ಫೋನಿನಲ್ಲಿ, ಒಮ್ಮೆ ಮನೆಯ ಟಿವಿಯಲ್ಲಿ, ಒಮ್ಮೆ ಕಣ್ಣು ಮುಚ್ಚಿ ಬರೀ ಧ್ವನಿ ಕೇಳಿ ಪರೀಕ್ಷಿಸಿ, ಆಮೇಲೆ ಗ್ರಾಹಕರ ಕೈಗೆ ಕೊಡಿ.